ಹತ್ತಿ ನೋಡಿದ ಏಣಿ

ಹಳೇ ಶೆಡ್ಡಿನ ಹಿಂದಿನ ಮನೆ,
ಭಾನುವಾರ, ಹದಿನಾರನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ.

ಪ್ರೀತಿಯ ಅಕ್ಕಾ,

ಮಗಳ ಮನೆಯಲ್ಲಿ ಹೇಗಿದ್ದೀಯ? ಎದೆನೋವು ಮತ್ತೆ ಬಂದಿಲ್ಲ ತಾನೇ? ಮಾತ್ರೆ ಹೊತ್ತುಹೊತ್ತಿಗೆ ನುಂಗ್ತಿದ್ದೀಯಾ, ಇಲ್ಲಾ ನಾಲಿಗೆ ಕೆಳಗಿಟ್ಟುಕೊಂಡು ಮಗಳು ಆಚೆ ಹೋದಮೇಲೆ ಕಿಟಕಿಯಿಂದ ಉಗೀತಿದ್ದೀಯಾ? ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಡಾಕ್ಟರು ಮೆಟ್ಟಿಲು ಹತ್ತಬಾರದು ಅಂದಿದ್ದಾರಂತೆ. ಇಪ್ಪತ್ತು ವರ್ಷ ದಿನಾ ಸಂಜೆ ಏಣಿ ಹತ್ತಿದವಳಿಗೆ ಆ ಮಾತು ಹೇಳೋಕೆ ಅವರಿಗೆ ಬಾಯಾದರೂ ಹೇಗೆ ಬಂತೋ ಪಾಪ. ಆದರೂ ಕೇಳು. ಹಟ ಮಾಡಬೇಡ. ನಾನು ಚೆನ್ನಾಗಿದ್ದೀನಿ, ಮೊಣಕಾಲು ಆಗಾಗ ಹಿಡ್ಕೊಳ್ಳುತ್ತೆ, ಅಷ್ಟೇ. ನಿನ್ನ ಕುಂಡದ ಗಿಡಗಳಿಗೆ ನೀರು ಹಾಕ್ತಿದ್ದೀನಿ. ಒಂದು ಒಣಗಿದೆ, ಯಾವುದು ಅಂತ ಬಂದಮೇಲೆ ನೀನೇ ನೋಡಿ ಬೈಯುವೆಯಂತೆ.

ಫೋನಿನಲ್ಲೇ ಮಾತಾಡೋಣ ಅಂದರೆ ನಿನ್ನ ಮಗಳು ಕಾವಲು ನಾಯಿ ಥರ ಪಕ್ಕದಲ್ಲೇ ಕೂತಿರ್ತಾಳೆ. ಕಂಪನಿ ಅನ್ನೋ ಮಾತು ಬಾಯಿಂದ ಬಿದ್ದರೆ ಸಾಕು, "ಚಿಕ್ಕಮ್ಮಾ, ಅಮ್ಮನ ಬೀಪಿ" ಅಂತ ಫೋನ್ ಕಿತ್ಕೊಳ್ತಾಳೆ. ಕಾಗದ ಅಂದರೆ ಮಾತ್ರ ಮುದುಕಿಯರ ಹರಟೆ ಅಂತ ಒಡೆಯದೇ ನಿನ್ನ ಕೈಗೆ ಕೊಡ್ತಾಳೆ. ಅದಕ್ಕೇ ಬರೀತಿದ್ದೀನಿ. ಇದು ನಿನ್ನ ಕೈ ಸೇರೋ ಹೊತ್ತಿಗೆ ನಿನ್ನ ಮಗ ಕಳಿಸಿದ ಲಕೋಟೆ ಬಂದಿರಬೇಕು. ದಪ್ಪ ಹಾಳೆ, ತಲೆಯಲ್ಲಿ ಬಂಗಾರದ ಬಣ್ಣದ ಏಣಿ ಚಿತ್ರ, ನೀನು ಸಹಿ ಹಾಕಬೇಕಾದ ಜಾಗಕ್ಕೆ ಹಳದಿ ಚೀಟಿ. ಸಹಿ ಹಾಕಬೇಡ ಅಕ್ಕಾ. ಹಾಕೋದೇ ಆದರೂ ಇದನ್ನ ಪೂರ್ತಿ ಓದಿ ಹಾಕು, ಅಲ್ಲೀವರೆಗೆ ಅದನ್ನ ದಿಂಬಿನ ಕೆಳಗಿಡು. ಅದರಲ್ಲಿ ದೊಡ್ಡದೊಡ್ಡ ಮಾತು ತುಂಬಾ ಇದೆ, ಗೌರವ ಅಂತೆ, ಪರಂಪರೆ ಅಂತೆ. ಹಿಂಡಿದರೆ ಸಿಗೋದು ಒಂದೇ ವಿಷಯ. ಏಣಿ ಕಾರ್ಖಾನೆಯಿಂದ ಆಚೆ ಹೋಗೋಕೆ ಮೊದಲು ಯಾರಾದರೂ ಅದನ್ನ ಹತ್ತಿ ನೋಡಲೇಬೇಕು ಅನ್ನೋ ನಿನ್ನ ನಿಯಮವನ್ನ ತೆಗೆದುಹಾಕ್ತಾರೆ. ಮಗನ ಕೈಗೆ ಕಂಪನಿ ಕೊಡುವಾಗ ನೀನು ಒಂದೇ ಒಂದು ಷರತ್ತು ಹಾಕಿದ್ದೆ, ನನ್ನ ಸಹಿ ಇಲ್ಲದೆ ಈ ನಿಯಮ ಮುಟ್ಟಬಾರದು ಅಂತ. ಆವತ್ತು ವಕೀಲರು ನಕ್ಕಿದ್ದರು. ಈಗ ನೋಡು, ಅದೊಂದೇ ಮೊಳೆ ಇನ್ನೂ ಅಲ್ಲಾಡದೆ ನಿಂತಿದೆ.

ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಹೇಳ್ತೀನಿ, ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ವೈರಿಂಗ್ ಕೆಲಸಕ್ಕೆ ಹೋದ ಭಾವ ಬಾಡಿಗೆ ಏಣಿಯ ಒಂಬತ್ತನೇ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡಾಗ ನೀನು ಅಳ್ತಾ ಕೂರಲಿಲ್ಲ. ಆ ಏಣಿ ಹುಡುಕಿಕೊಂಡು ಹೊರಟೆ. ನಾನೂ ಹಿಂದೆ ಓಡಿ ಬಂದೆ, ನೀನು ಯಾರಿಗಾದರೂ ಹೊಡೆದುಬಿಟ್ಟೀಯ ಅಂತ. ಬಾಡಿಗೆ ಅಂಗಡಿಯವನನ್ನ "ಇದು ಯಾರದ್ದು?" ಅಂತ ಕೇಳಿದೆ. ಅವನು ಮಾರಿದವನ ಕಡೆ ಕೈ ತೋರಿಸಿದ, ಮಾರಿದವನು ಮಾಡಿದವನ ಕಡೆ, ಮಾಡಿದವನು ಮರ ಕೊಟ್ಟವನ ಕಡೆ. ಮರ ಕೊಟ್ಟವನು ಮಳೆ ಜಾಸ್ತಿ ಆಗಿತ್ತು ಅಂದ. ಕೊನೆಗೆ ತಪ್ಪು ಮೋಡದ್ದು ಅಂತ ಆಯ್ತು. ನಾಲ್ಕು ಅಂಗಡಿ ಸುತ್ತಿದರೂ "ನಂದು" ಅನ್ನೋಕೆ ಒಬ್ಬ ಗಂಡಸು ಸಿಗಲಿಲ್ಲ. ಮನೆಗೆ ಬರ್ತಾ ದಾರಿಯಲ್ಲಿ ನೀನು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ, "ನಾವೇ ಮಾಡೋಣ ಕಣೇ, ಮಾಡಿದವರೇ ಹತ್ತೋಣ." ಅಷ್ಟೇ ನಮ್ಮ ಕಂಪನಿ ಶುರುವಾದ ಕಥೆ. ಈಗ ಗೋಡೆ ಮೇಲೆ ಬರೆಸಿರೋ ಕಥೆಯಲ್ಲಿ ನಿನಗೆ ಕನಸಿನಲ್ಲಿ ಬೆಳಕು ಕಂಡಿತ್ತಂತೆ, ಆಕಾಶಕ್ಕೆ ಏಣಿ ಹಾಕೋ ಹಂಬಲ ಹುಟ್ಟಿತಂತೆ. ಭಾವನ ಸೊಂಟದ ವಿಷಯ ಆ ಗೋಡೆಯಲ್ಲಿ ಎಲ್ಲೂ ಇಲ್ಲ, ಮಾರಾಟಕ್ಕೆ ಒಳ್ಳೇದಲ್ಲವಂತೆ.

ಒಂಬತ್ತು ಜನ ಇದ್ದೆವು ಆಗ. ಒಂದು ಶೆಡ್ಡು, ಎರಡು ಗರಗಸ, ಎಲ್ಲರಿಗೂ ಸೇರಿ ಒಂದು ನೀರಿನ ಕೊಡ. ಕಟ್ಟಿದವರು ಕಟ್ಟಿದ ಏಣಿಯನ್ನ ತಾವೇ ಹತ್ತಿ, ಮೇಲಿಂದ ಎರಡನೇ ಮೆಟ್ಟಿಲಲ್ಲಿ ನಿಂತು ಮೂರು ಸಲ ಕುಪ್ಪಳಿಸಬೇಕು. ಸಂಜೆ ಐದು ಗಂಟೆಗೆ ನಿನ್ನ ಸರದಿ. ಎಲ್ಲರಿಗಿಂತ ಹೊಸದಾಗಿ ಸೇರಿದವರು ಯಾರೋ ಅವರು ಆವತ್ತಿನ ರಾಶಿಯಿಂದ ಒಂದು ಏಣಿಗೆ ಬೆರಳು ತೋರಿಸಬೇಕು, ಯಜಮಾನಿ ಅದನ್ನ ಹತ್ತಬೇಕು. ಎಂಥಾ ಗಮ್ಮತ್ತಿನ ನಿಯಮ ಅದು! ನಿನ್ನೆ ಸೇರಿದವನ ಬೆರಳಿಗೆ ಯಜಮಾನಿ ಜೀವ. ಯಾರೂ ಯಾರಿಗೂ ಭಾಷಣ ಮಾಡಲಿಲ್ಲ, ಆದರೆ ಐದು ಗಂಟೆಗೆ ಅಕ್ಕ ಯಾವುದನ್ನ ಹತ್ತುತ್ತಾಳೋ ಅಂತ ನೆನೆದುಕೊಂಡು ಬೆಳಿಗ್ಗೆಯಿಂದಲೇ ಒಬ್ಬೊಬ್ಬರ ಸುತ್ತಿಗೆಯೂ ನೆಟ್ಟಗೆ ಬೀಳ್ತಿತ್ತು. ಒಂದು ಸಲ ಆ ಬೊಕ್ಕತಲೆ ಬಡಗಿ, ಸೇರಿ ಮೂರು ದಿನ ಆಗಿತ್ತು, ಮೂಲೆಯಲ್ಲಿದ್ದ ಒಂದನ್ನ ತೋರಿಸಿದ. ಏಳನೇ ಮೆಟ್ಟಿಲು ಲಟಕ್ ಅಂತು. ನೀನು ಬೆಕ್ಕಿನ ಹಾಗೆ ಕೆಳಗೆ ಹಾರಿದೆ, ಮೊಣಕಾಲಿನ ಕೆಳಗೆ ಚರ್ಮ ಕಿತ್ತು ರಕ್ತ ಸುರೀತಿತ್ತು. ಅದನ್ನ ಒರೆಸಿಕೊಳ್ಳದೇ ಕೇಳಿದೆ, "ಯಾರದ್ದು?" ನಾನು ಅಂದೆ, "ನಂದು." ನೀನು ಬೈಯಲಿಲ್ಲ. ತಂಗಿ ಅಂತ ಮುಚ್ಚಿಹಾಕಲೂ ಇಲ್ಲ. "ನಾಳೆ ಇನ್ನೊಂದು ಕಟ್ಟು" ಅಂದೆ, ಅಷ್ಟೇ. ಆ ಒಂದು ಮಾತು ಆಡೋಕೆ ನನ್ನ ಗಂಟಲು ಎಷ್ಟು ಒಣಗಿತ್ತು ಅಂತ ನಿನಗೆ ಯಾವತ್ತೂ ಹೇಳಿಲ್ಲ. ಆಡಿದ ಮೇಲೆ ಎಷ್ಟು ಹಗುರ ಆಯ್ತು ಅಂತಲೂ ಹೇಳಿಲ್ಲ.

ನಲವತ್ತು ಜನ ಆಗೋವರೆಗೂ ಎಲ್ಲ ಸರಿಯಾಗೇ ಇತ್ತು. ಯಾರ ಮನೆಯಲ್ಲಿ ಯಾರಿಗೆ ಜ್ವರ ಅಂತ ನಿನಗೆ ಗೊತ್ತಿರ್ತಿತ್ತು. ಆಮೇಲೆ ಮರ ಹೋಗಿ ಅಲ್ಯೂಮಿನಿಯಂ ಬಂತು, ಶೆಡ್ಡು ಹೋಗಿ ಗಾಜಿನ ಕಟ್ಟಡ ಬಂತು. ಈಗ ಆರುನೂರು ಜನ. ಏಣಿ ಪೂರ್ತಿ ಕಟ್ಟೋರು ಅಂತ ಅದರಲ್ಲಿ ಒಬ್ಬರೂ ಇಲ್ಲ. ಒಬ್ಬ ದಿನವಿಡೀ ತೂತು ಕೊರೀತಾನೆ, ಒಬ್ಬಳು ದಿನವಿಡೀ ಮೆಟ್ಟಿಲು ಕೂಡಿಸೋ ರಿವೆಟ್ ಹೊಡೀತಾಳೆ, ಇನ್ನೊಬ್ಬ ರಬ್ಬರ್ ಕಾಲು ತೊಡಿಸ್ತಾನೆ. ಯಾರದ್ದು ಅಂತ ಕೇಳಿದರೆ ಯಾರು ಏನಂತಾರೆ? ಅದು ಅವರ ತಪ್ಪೂ ಅಲ್ಲ ಬಿಡು. ಆದರೆ ಮೇಲಿನ ಮಹಡಿಯವರ ಆಟ ನೋಡಿದರೆ ಮೈ ಉರಿಯುತ್ತೆ. ಅಲ್ಲಿ ಬಾಂಧವ್ಯ ವಿಭಾಗ ಅಂತ ಒಂದು ಮಾಡಿದ್ದಾರೆ. ಹನ್ನೊಂದು ಜನ ಕೆಲಸದವರು, ಅಂದರೆ ನಾವು ಏಣಿ ಮಾಡೋಕೆ ಶುರುಮಾಡಿದಾಗ ಇದ್ದದ್ದಕ್ಕಿಂತ ಇಬ್ಬರು ಜಾಸ್ತಿ. ಅದಕ್ಕೆ ಮುಖ್ಯಸ್ಥೆ ಒಬ್ಬಳು, ನಾನು ಅವಳನ್ನ ನಗೆಮೇಡಂ ಅಂತೀನಿ. ಆ ನಗು ಮುಖದಿಂದ ಇಳಿಯೋದೇ ಇಲ್ಲ ಮಾರಾಯ್ತಿ, ಸತ್ತವರ ಮನೆಗೆ ಹೋದರೂ ಹಾಗೇ ಹಲ್ಲು ಬಿಡ್ತಾಳೋ ಏನೋ. "ನಾವೆಲ್ಲ ಒಂದೇ ಕುಟುಂಬ" ಅಂತ ದಿನಕ್ಕೆ ನಾಲ್ಕು ಸಲ ಮೈಕಿನಲ್ಲಿ ಹೇಳ್ತಾಳೆ. ಆ ಕುಟುಂಬದೊಳಗೆ ಹೋಗೋಕೆ ಕೊರಳಿಗೆ ಕಾರ್ಡು ಬೇಕು, ಕಾರ್ಡು ಮರೆತರೆ ಗೇಟಿನವನು ನನ್ನನ್ನೂ ಒಳಗೆ ಬಿಡಲ್ಲ. ಇಪ್ಪತ್ತೇಳು ವರ್ಷ ಆಯ್ತು ನನಗಿಲ್ಲಿ, ಮೊನ್ನೆ ಮೊನ್ನೆ ಬಂದ ಹುಡುಗಿ ನನ್ನ ಹೆಗಲ ಮೇಲೆ ಕೈಹಾಕಿ, "ಆಂಟಿ, ನಮ್ಮ ಸಂಸ್ಕೃತಿ ನಿಮಗೆ ಹೇಗನ್ನಿಸುತ್ತೆ?" ಅಂತ ಕೇಳ್ತಾಳೆ. ಮುಂದಿನ ಹಜಾರದಲ್ಲಿ ನಿನ್ನ ಹಳೇ ಏಣಿ ನಿಲ್ಲಿಸಿದ್ದಾರೆ, ಆ ಏಳನೇ ಮೆಟ್ಟಿಲು ಮುರಿದದ್ದು. ಅದಕ್ಕೆ ಬಂಗಾರದ ಬಣ್ಣ ಬಳಿದು, ಸುತ್ತ ಹಗ್ಗ ಕಟ್ಟಿ, ಮುಟ್ಟಬೇಡಿ ಅಂತ ಬೋರ್ಡು ಹಾಕಿದ್ದಾರೆ. ಮುರಿದ ಮೆಟ್ಟಿಲಿಗೂ ಬಣ್ಣ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಯ್ತು.

ಹತ್ತಿ ನೋಡೋ ಕೆಲಸದ ಗತಿ ಕೇಳು. ಮೊದಲು ಕಟ್ಟಿದವರ ಬದಲು ನಾವು ಐದು ಜನ ಚೆಕಿಂಗಿನವರು ಹತ್ತಬೇಕು ಅಂತ ಮಾಡಿದರು. ಆಗಲಿ, ಅದೂ ಒಂದು ರೀತಿ ಸರಿ. ಆಮೇಲೆ ಹತ್ತಕ್ಕೆ ಒಂದು ಹತ್ತಿದರೆ ಸಾಕು ಅಂದರು. ಆಮೇಲೆ ಭಾರ ಹೇರಿ ನೋಡೋ ಯಂತ್ರ ಬಂತು. ಯಂತ್ರದ ಮೇಲೆ ನನಗೇನೂ ದ್ವೇಷ ಇಲ್ಲ, ನಿಜ ಹೇಳಬೇಕು ಅಂದರೆ ಅದು ನಿನಗಿಂತ ಕಟ್ಟುನಿಟ್ಟು. ಮೊದಲನೇ ವಾರ ಬಂದ ಏಣಿಗಳಲ್ಲಿ ಕಾಲುಭಾಗ ವಾಪಸ್ ಒಗೆದುಬಿಡ್ತು. ಅದಕ್ಕೆ ಇವರು ಏನು ಮಾಡಿದರು ಗೊತ್ತಾ? ಏಣಿ ಗಟ್ಟಿ ಮಾಡಲಿಲ್ಲ. ಯಂತ್ರದ ಒತ್ತಡ ತಗ್ಗಿಸಿದರು. ಆಮೇಲೆ ಅದಕ್ಕೂ ಪ್ಲಾಸ್ಟಿಕ್ ಹೊದಿಸಿ ಮೂಲೆಗೆ ನಿಲ್ಲಿಸಿದರು, ಯಾರಾದರೂ ದೊಡ್ಡ ಗಿರಾಕಿ ನೋಡೋಕೆ ಬಂದರೆ ಹೊದಿಕೆ ತೆಗೀತಾರೆ. ಈಗ ಬೆಳಿಗ್ಗೆ ನಮ್ಮ ಐವರಿಗೂ ಒಂದೊಂದು ಸುರುಳಿ ಚೀಟಿ ಕೊಡ್ತಾರೆ. ಹಸಿರು ಚೀಟಿ, ಮೇಲೆ "ಹತ್ತಿ ನೋಡಿದ್ದೇವೆ" ಅಂತ ಅಚ್ಚು, ಕೆಳಗೆ ಸಹಿಗೆ ಪುಟ್ಟ ಚೌಕ. ಸಂಜೆಯೊಳಗೆ ಸುರುಳಿ ಖಾಲಿ ಆಗಬೇಕು. ಹತ್ತೋ ಮಾತೇ ಇಲ್ಲ, ಹತ್ತಿದರೆ ಸುರುಳಿ ಮುಗಿಯಲ್ಲ. ನಾನೂ ಅಂಟಿಸ್ತೀನಿ, ಇಲ್ಲ ಅನ್ನಲ್ಲ, ಸಂಬಳಕ್ಕೆ ದುಡಿಯೋಳು ಇನ್ನೇನು ಮಾಡಲಿ. ಒಂದು ದಿನ ನಿನ್ನ ಮಗನ ಹತ್ತಿರ ಹೋಗಿ, "ಇದು ಸುಳ್ಳಲ್ವೇನೋ?" ಅಂತ ಕೇಳಿದೆ. ನಾನು ಬೆನ್ನ ಮೇಲೆ ಹೊತ್ತು ಬೆಳೆಸಿದ ಮಗು ಅಕ್ಕಾ ಅದು, ಶೆಡ್ಡಿನ ಮರದ ಪುಡಿಯಲ್ಲಿ ಮಲಗಿಸಿ ಹಾಲು ಕುಡಿಸಿದ್ದೆ. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೇ, "ಚಿಕ್ಕಮ್ಮಾ, ಅದು ಸುಳ್ಳಲ್ಲ, ಅದು ನಮ್ಮ ಬ್ರ್ಯಾಂಡು" ಅಂದ. ನಾನು ಎದ್ದು ಬಂದೆ.

ಇನ್ನು ಪೇಂಟರ್ ವಿಷಯ. ಇದನ್ನ ನಿನಗೆ ಯಾರೂ ಹೇಳಿರಲ್ಲ. ಎರಡು ತಿಂಗಳ ಹಿಂದೆ ಮನೆಗಳಿಗೆ ಬಣ್ಣ ಬಳಿಯೋ ಒಬ್ಬಾತ ನಮ್ಮ ಏಣಿಯಿಂದ ಬಿದ್ದ. ಮೆಟ್ಟಿಲಿನ ರಿವೆಟ್ ಒಂದು ಕಡೆ ಕಿತ್ತು ಬಂದಿತ್ತು. ತೊಡೆಮೂಳೆ ಎರಡು ಕಡೆ ಮುರೀತು, ಇನ್ನೂ ಹಾಸಿಗೆ ಹಿಡಿದಿದ್ದಾನೆ. ಅವನ ಹೆಂಡತಿ ಏಣಿಯನ್ನ ಗಾಡಿಗೆ ಹಾಕಿಸಿಕೊಂಡು ನಮ್ಮ ಗೇಟಿಗೆ ಬಂದಳು. ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿದರು, ಅವಳ ಹತ್ತಿರ ಕಾರ್ಡು ಇರಲಿಲ್ಲವಲ್ಲ. ಆಮೇಲೆ ಏಣಿ ಇಳಿಸಿಕೊಂಡು, ವಾಪಸ್ ಬಂದ ಮಾಲಿನ ಕೋಣೆಯಲ್ಲಿ ಹಾಕಿ, ನೋಡ್ತೀವಿ ಹೋಗಮ್ಮ ಅಂದರು. ಅವಳೂ ಕೇಳಿದ್ದು ನೀನು ಕೇಳಿದ್ದನ್ನೇ, "ಇದನ್ನ ನೋಡಿ ಕಳಿಸಿದವರು ಯಾರು?" ನಾನು ಅಲ್ಲೇ ಕಂಬದ ಹತ್ತಿರ ನಿಂತಿದ್ದೆ. ಏಳು ಜನರ ಸಮಿತಿ ಮಾಡಿದರು. ಏಳು ಜನ ಕೂತು ಐದು ವಾರ ಬಿಸ್ಕತ್ತು ತಿಂದು, ಕೊನೆಗೆ ಒಂದು ವರದಿ ಬರೆದರು. ಆ ಏಣಿ ಮೇಲೆ ಹಸಿರು ಚೀಟಿ ಇಲ್ಲವಂತೆ. ಚೀಟಿ ಇಲ್ಲ ಅಂದಮೇಲೆ ಅದು ಚೆಕಿಂಗ್ ಆಗಿ ಹೋದ ಮಾಲಲ್ಲವಂತೆ. ಆದ್ದರಿಂದ ಪೇಂಟರೇ ಎಲ್ಲೋ ಅಡ್ಡದಾರಿಯಲ್ಲಿ ಸಂಪಾದಿಸಿರಬೇಕಂತೆ, ಜೋಪಾನವಾಗಿ ಬಳಸಿಲ್ಲವಂತೆ. ಮೂಳೆ ಮುರಿದವನೇ ಕಳ್ಳ ಆದ, ನೋಡು! ನಮ್ಮ ಚೀಟಿ ಅಂಟಿಸಿದ್ದ ಗುರುತು, ಆ ಅಂಟಿನ ಕಲೆ, ಏಣಿ ಕಂಬದ ಮೇಲೆ ಎದ್ದು ಕಾಣ್ತಿತ್ತು. ಏಳು ಜೊತೆ ಕಣ್ಣಿಗೆ ಅದು ಬೀಳಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಅಂಥಾ ಜನ. ನಗೆಮೇಡಂ ಆ ಹೆಂಗಸಿಗೆ ಒಂದು ಕಾರ್ಡು ಕಳಿಸಿದಳು, ಹೂವಿನ ಚಿತ್ರ ಇರೋದು, ಬೇಗ ಗುಣವಾಗಲಿ, ಇತಿ ನಿಮ್ಮ ಏಣಿ ಕುಟುಂಬ ಅಂತ. ಥೂ.

ಇದರ ಬೆನ್ನಿಗೇ ಮೊನ್ನೆ ಶುಕ್ರವಾರ ವಾರ್ಷಿಕೋತ್ಸವ. ನಿನ್ನ ಸಂಜೆ ಐದು ಗಂಟೆಯ ಪದ್ಧತಿ ಈಗ ವರ್ಷಕ್ಕೊಂದು ನಾಟಕ ಆಗಿದೆ, ಆರೋಹಣ ದಿನ ಅಂತ ಹೆಸರು. ವೇದಿಕೆ ಮೇಲೆ ಐದು ಏಣಿ ನಿಲ್ಲಿಸ್ತಾರೆ, ಐದನ್ನೂ ಹಿಂದಿನ ದಿನವೇ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರ್ತಾರೆ. ಎಲ್ಲರಿಗಿಂತ ಹೊಸಬರು ಒಂದಕ್ಕೆ ಬೆರಳು ತೋರಿಸ್ತಾರೆ, ನಿನ್ನ ಮಗ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಮೂರು ಮೆಟ್ಟಿಲು ಹತ್ತಿ ಕೈ ಬೀಸ್ತಾನೆ. ಫೋಟೋ ತೆಗೀತಾರೆ. ಈ ಸಲದ ಹೊಸಬ ಒಬ್ಬ ಹಳೇ ಬಸ್ ಕಂಡಕ್ಟರು, ಐವತ್ತರ ಹತ್ತಿರದ ಗಂಡಸು, ಕೆಲಸ ಹೋಗಿ ನಮ್ಮ ಪ್ಯಾಕಿಂಗಿಗೆ ಸೇರಿದ್ದಾನೆ. ಅವನಿಗೆ ಬೆರಳು ತೋರಿಸೋಕೆ ಎರಡು ದಿನ ಅಭ್ಯಾಸ ಮಾಡಿಸಿದರು ಅಕ್ಕಾ! ನಾಲ್ಕನೇ ಏಣಿ ತೋರಿಸಬೇಕು, ತೋರಿಸೋಕೆ ಮೊದಲು ಸ್ವಲ್ಪ ಯೋಚಿಸಿದ ಹಾಗೆ ಮಾಡಬೇಕು, ಗಲ್ಲದ ಮೇಲೆ ಕೈ ಇಟ್ಟುಕೊಂಡರೆ ಚೆನ್ನಾಗಿರುತ್ತೆ ಅಂತ ನಗೆಮೇಡಂ ಪಾಠ. ಆತ ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಬಂದು, "ಅಮ್ಮಾ, ಇದೇನು ಅರ್ಥ ಆಗ್ತಿಲ್ಲ, ಯಾವುದು ಅಂತ ಗೊತ್ತಿದ್ದಮೇಲೆ ನಾನ್ಯಾಕೆ ತೋರಿಸಬೇಕು?" ಅಂದ. ಪಾಪ, ನಿಜವಾಗಿಯೂ ಅರ್ಥ ಆಗದೇ ಕೇಳಿದ್ದ. ನಾನು ಹಳೇ ಕಥೆಯೆಲ್ಲ ಹೇಳಿದೆ. ನಿನ್ನ ಕಾಲಿನ ಗಾಯದ ಕಥೆಯನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು ಡಬ್ಬಿ ತೊಳೆಯೋಕೆ ಹೋದ.

ಶುಕ್ರವಾರ ಎಲ್ಲರೂ ಸೇರಿದ್ದರು. ಹೊರಗೆ ಅಂಗಳದಲ್ಲಿ ಶಾಮಿಯಾನ, ಪಕ್ಕದಲ್ಲಿ ಆವತ್ತು ಆಚೆ ಹೋಗಬೇಕಾದ ಮಾಲು ತುಂಬಿದ ಲಾರಿ. ನಿನ್ನ ಮಗ ಭಾಷಣ ಮಾಡಿದ, ನಿನ್ನ ಹೆಸರು ಹೇಳಿ ಕಣ್ಣು ಒರೆಸಿಕೊಂಡ. ಆ ಕಣ್ಣೀರು ನಿಜದ್ದೇ ಇರಬಹುದು, ನಾನು ಅಷ್ಟು ಕೆಟ್ಟವಳಲ್ಲ. ಆಮೇಲೆ ಕಂಡಕ್ಟರನ್ನ ಕರೆದರು. ಆತ ಐದು ಏಣಿಗಳನ್ನೂ ನೋಡಿದ, ಹೇಳಿಕೊಟ್ಟ ಹಾಗೆ ಗಲ್ಲಕ್ಕೆ ಕೈ ಇಟ್ಟುಕೊಂಡ. ನಗೆಮೇಡಂ ಕೆಳಗಿನಿಂದ ನಾಲ್ಕು ಬೆರಳು ತೋರಿಸ್ತಿದ್ದಳು. ಆತ ತಿರುಗಿ ಲಾರಿ ಕಡೆ ಬೆರಳು ಮಾಡಿದ. ಮೇಲಿಂದ ಎರಡನೇ ಸಾಲಿನದು, ಎಡಗಡೆಯಿಂದ ಮೂರನೆಯದು ಅಂದ. ಬಸ್ಸಿನಲ್ಲಿ ಸೀಟು ತೋರಿಸಿದ ಹಾಗೆ ಅಷ್ಟು ಸಲೀಸಾಗಿ ಅಂದ. ಪ್ಯಾಕಿಂಗಿನ ಇಬ್ಬರು, ಯಾರೂ ಹೇಳದೇ, ಲಾರಿ ಹತ್ತಿ ಆ ಏಣಿ ಇಳಿಸಿ ತಂದು ಗೋಡೆಗೆ ಒರಗಿಸಿದರು. ಅದರ ಮೇಲೆ ಹಸಿರು ಚೀಟಿ ಹೊಳೀತಿತ್ತು, ಹತ್ತಿ ನೋಡಿದ್ದೇವೆ ಅಂತ.

ನಿನ್ನ ಮಗ ಏಣಿಯ ಬುಡಕ್ಕೆ ಬಂದ. ಒಂದು ಕೈ ಕಂಬದ ಮೇಲೆ ಇಟ್ಟ. ತಲೆಯೆತ್ತಿ ತುದಿ ನೋಡಿದ. ಆ ಮುಖ ನೀನು ನೋಡಬೇಕಿತ್ತು, ಬೇಡ, ನೋಡದಿದ್ದದ್ದೇ ಒಳ್ಳೇದಾಯ್ತು. ನನಗೆ ಗೊತ್ತಾಯ್ತು, ಅಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಾಯ್ತು, ಅವನಿಗೆ ತನ್ನ ಏಣಿಯ ಭಯ. ಕೊನೆಗೆ ಮೈಕ್ ತಗೊಂಡು ಹೇಳಿದ, ಸುರಕ್ಷತಾ ನಿಯಮದ ಪ್ರಕಾರ ಬೆಲ್ಟ್ ಕಟ್ಟೋ ಏರ್ಪಾಡು ಇಲ್ಲದೆ ಇದನ್ನ ಹತ್ತೋ ಹಾಗಿಲ್ಲ ಅಂತ. ಊರಿಗೆಲ್ಲ ಏಣಿ ಮಾರೋನು, ಏಣಿ ಹತ್ತೋದು ಅಪಾಯ ಅಂದ! ಯಾರೋ ಹಿಂದಿನಿಂದ ಕಿಸಕ್ ಅಂತ ನಕ್ಕರು. ಆಗ ಕಂಡಕ್ಟರು ಚಪ್ಪಲಿ ಬಿಟ್ಟು ತಾನೇ ಹತ್ತಿದ. ಮೇಲಿಂದ ಎರಡನೇ ಮೆಟ್ಟಿಲಲ್ಲಿ ನಿಂತು, ನಾನು ಹೇಳಿದ್ದ ಹಾಗೆ, ಮೂರು ಸಲ ಕುಪ್ಪಳಿಸಿದ. ಏನೂ ಆಗಲಿಲ್ಲ ಅಕ್ಕಾ. ಏಣಿ ಕಲ್ಲಿನ ಹಾಗೆ ನಿಂತಿತ್ತು. ತೂತು ಕೊರೆದವನು, ರಿವೆಟ್ ಹೊಡೆದವಳು ಎಲ್ಲರೂ ತಂತಮ್ಮ ಕೆಲಸ ನೆಟ್ಟಗೆ ಮಾಡಿದ್ದರು. ಅದು ಗಟ್ಟಿ ಇದೆಯೋ ಇಲ್ಲವೋ ಅಂತ ಗೊತ್ತಿಲ್ಲದೇ ಇದ್ದದ್ದು ಮಾರೋನಿಗೆ ಮಾತ್ರ. ನೀನ್ಯಾಕೆ ಹತ್ತಲಿಲ್ಲ, ಅಲ್ಲೇ ಇದ್ದೆಯಲ್ಲ ಅಂತ ಕೇಳ್ತೀಯ. ಮೊಣಕಾಲು ಅಂದೆನಲ್ಲ.

ಶನಿವಾರ ಬೆಳಿಗ್ಗೆ ಕಂಡಕ್ಟರಿಗೆ ನೋಟಿಸು ಕೊಟ್ಟರು, ಬೆಲ್ಟ್ ಇಲ್ಲದೆ ಎತ್ತರಕ್ಕೆ ಹತ್ತಿದ್ದು ತಪ್ಪು ಅಂತ. ಅದರ ಕೆಳಗೂ ನಗೆಮೇಡಂ ಸಹಿ, ಪ್ರೀತಿಯೊಂದಿಗೆ ಅಂತ ಬರೆದು. ಆ ದಿನವೇ ನಿನಗೆ ಆ ದಪ್ಪ ಹಾಳೆ ಹೊರಟಿದ್ದು. ನಿಯಮ ಹೋದರೆ ಇನ್ನು ಯಾವ ವೇದಿಕೆ ಮೇಲೂ ಯಾರೂ ಲಾರಿ ಕಡೆ ಬೆರಳು ಮಾಡೋ ಹಾಗಿಲ್ಲ. ನಿಯಮವನ್ನ ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ಬಂಗಾರದ ಏಣಿಯ ಪಕ್ಕ ತೂಗುಹಾಕ್ತಾರಂತೆ, ಜಾಗ ಆಗಲೇ ಅಳತೆ ಮಾಡಿದ್ದಾರೆ. ನಿನ್ನ ಮಗನನ್ನ ಬೈದದ್ದಕ್ಕೆ ಬೇಜಾರು ಮಾಡ್ಕೋಬೇಡ. ಅವನು ಕೆಟ್ಟವನಲ್ಲ, ಅದೇ ದುರಂತ. ಕೆಟ್ಟವನಾಗಿದ್ದರೆ ಎದುರಿಗೆ ನಿಂತು ಜಗಳ ಆಡಬಹುದಿತ್ತು. ಇವನು ಎಲ್ಲದಕ್ಕೂ ಹೌದು ಚಿಕ್ಕಮ್ಮಾ ಅಂತಾನೆ, ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ ಅಂತಾನೆ, ಆಮೇಲೆ ತನಗೆ ಬೇಕಾದ್ದೇ ಮಾಡ್ತಾನೆ. ಹತ್ತಿದ ಏಣಿ ಒದೆಯೋರನ್ನ ನೋಡಿದ್ದೆ, ಒದ್ದ ಏಣಿಗೆ ಬಂಗಾರದ ಬಣ್ಣ ಬಳಿಯೋರನ್ನ ಇದೇ ಮೊದಲು ನೋಡಿದ್ದು. ನೀನು ಸಹಿ ಹಾಕದೆ ಆ ಹಾಳೆ ವಾಪಸ್ ಕಳಿಸು. ಕಳಿಸುವಾಗ ಒಂದೇ ಸಾಲು ಬರಿ, ಪೇಂಟರ್ ಏಣಿ ಯಾರದ್ದು ಅಂತ ಕೇಳು. ನಿನ್ನನ್ನ ಬಿಟ್ಟರೆ ಅದನ್ನ ಕೇಳೋ ಹಕ್ಕು ಇನ್ಯಾರಿಗೂ ಇಲ್ಲ.

ಬರೀತಾ ಬರೀತಾ ಒಲೆ ಮೇಲಿಟ್ಟ ನೀರು ಅರ್ಧ ಆವಿ ಆಗಿದೆ, ನಮ್ಮನೆಯವರು ಎರಡು ಸಲ ಬಂದು ಇಣುಕಿ ಹೋದರು. ನಿನ್ನ ಮಗಳಿಗೆ ನನ್ನ ಆಶೀರ್ವಾದ, ಕಾವಲು ನಾಯಿ ಅಂದದ್ದು ಹೇಳಬೇಡ. ಅಳಿಯಂದಿರಿಗೆ ನಮಸ್ಕಾರ, ಮೊಮ್ಮಗುವಿಗೆ ಮುತ್ತು. ಮಾತ್ರೆ ನುಂಗು. ನೀನು ನೂರು ವರ್ಷ ಬಾಳು, ನನ್ನನ್ನ ಬೈಯೋಕಾದರೂ ಬಾಳು.

ಇತಿ ನಿನ್ನ ತಂಗಿ,
ನೀನೇ ಹೆಸರಿಟ್ಟ ಬಾಯಿಬಡುಕಿ

ಮತ್ತೆ: ಲಕೋಟೆ ಅಂಟಿಸಿದ್ದೆ, ಹರಿದು ತೆಗೆದೆ. ಬೇಗ ಬರೀತೀನಿ, ನಿಧಾನ ಮಾಡಿದರೆ ಬರೆಯೋಕಾಗಲ್ಲ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಶುಕ್ರವಾರ ನಾನು ಹತ್ತಲಿಲ್ಲ, ಯಾಕೆಂದರೆ ನನಗೂ ನಿನ್ನ ಮಗನ ಹಾಗೇ ಭಯ ಆಯ್ತು. ಹತ್ತದೇ ಎಷ್ಟು ಚೀಟಿ ಅಂಟಿಸಿದ್ದೀನಿ ಅಂತ ನನಗೆ ಗೊತ್ತಿತ್ತಲ್ಲ. ಪೇಂಟರ್ ಏಣಿ ಮೇಲೆ ಚೀಟಿ ಇತ್ತು. ಅವನ ಹೆಂಡತಿ ಏಣಿ ತಂದ ದಿನ ಮಧ್ಯಾಹ್ನವೇ ಎಲ್ಲರೂ ಊಟಕ್ಕೆ ಹೋದಾಗ ಆ ಕೋಣೆಗೆ ಹೋಗಿ ನೋಡಿದೆ. ಚೌಕದಲ್ಲಿ ನನ್ನ ಸಹಿ. ಉಗುರಿನಲ್ಲಿ ಕೆರೆದು ಕಿತ್ತೆ. ಎರಡು ತಿಂಗಳಿಂದ ನನ್ನ ಕೈಚೀಲದಲ್ಲಿದೆ ಅದು. ಏಳು ಜನ ಐದು ವಾರ ಹುಡುಕಿದ್ದು ಅದನ್ನೇ. ಅವರು ಆ ಮನುಷ್ಯನನ್ನ ಕಳ್ಳ ಅಂತ ಬರೆದದ್ದು ನಾನು ಕಿತ್ತದ್ದರಿಂದ. ಇಷ್ಟು ಹಾಳೆ ಎಲ್ಲರಿಗೂ ಉಗಿದೆ, ಉಗಿಯೋ ಯೋಗ್ಯತೆ ನನಗಿರಲಿಲ್ಲ. ನೀನು ಮಗನಿಗೆ ಆ ಸಾಲು ಬರೆಯೋ ಅಗತ್ಯ ಇಲ್ಲ, ನಾಳೆ ಬೆಳಿಗ್ಗೆ ಚೀಟಿ ತಗೊಂಡು ಮೊದಲು ಪೇಂಟರ್ ಮನೆಗೆ ಹೋಗ್ತೀನಿ, ಅಲ್ಲಿಂದ ಅವನ ಹೆಂಡತಿಯನ್ನ ಕರ್ಕೊಂಡು ನಿನ್ನ ಮಗನ ಮೇಜಿಗೆ. ಗೇಟಿನಲ್ಲಿ ಅವಳಿಗೆ ನನ್ನ ಕಾರ್ಡು ಕೊಡ್ತೀನಿ, ಹೇಗೂ ನಾಳೆ ಸಂಜೆಯ ಹೊತ್ತಿಗೆ ಅದು ನನ್ನ ಕೊರಳಲ್ಲಿ ಇರಲ್ಲ. ಗಂಟಲು ಆವತ್ತಿನ ಹಾಗೇ ಒಣಗ್ತಿದೆ. ಅಭ್ಯಾಸ ಆಗಲಿ ಅಂತ ಮೊದಲು ನಿನಗೆ ಹೇಳ್ತಿದ್ದೀನಿ. ಆ ಏಣಿ ನಂದು, ಅಕ್ಕಾ.